ಖಡಕ್ ರೊಟ್ಟಿ ತಿನ್ನುವ ಹಲ್ಲು

ಓದುಗರ ಪ್ರಶ್ನೆ: ನಮ್ಮ ಅತ್ತೆಯವರಿಗೆ 66 ವರ್ಷ. ಬಲಗಡೆ ಕೆಳದವಡೆಯ ಹಲ್ಲೊಂದು ಅರ್ಧ ಮುರಿದು ಹೋಗಿದೆ, ರಾತ್ರಿಯೆಲ್ಲ ನೋವು. ಎಡಗಡೆ ಹತ್ತು ವರ್ಷದ ಹಿಂದೆಯೇ ಒಂದು ದವಡೆ ಹಲ್ಲು ಕೀಳಿಸಿದ್ದರು, ಆ ಜಾಗ ಹಾಗೇ ಖಾಲಿ ಇದೆ. ಊರಿನ ಡಾಕ್ಟರು ಮುರಿದದ್ದಕ್ಕೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕೋಣ ಅಂದರು. ಹುಬ್ಬಳ್ಳಿಯಲ್ಲಿ ತೋರಿಸಿದರೆ ಕಿತ್ತು ಇಂಪ್ಲಾಂಟ್ ಹಾಕೋಣ ಅಂದರು. ನಮ್ಮ ಪಕ್ಕದ ಮನೆಯವರು ಬ್ರಿಡ್ಜ್ ಮಾಡಿಸಿಕೊಂಡು ಆರಾಮ ಇದ್ದಾರೆ. ಅತ್ತೆಯವರು ಮಾತ್ರ, ‘ಇರೂವೆಲ್ಲಾ ಕಿತ್ತು ಸೆಟ್ ಹಾಕಿಸಿಬಿಡ್ರಿ, ಆದ್ರ ನನಗ ಖಡಕ್ ರೊಟ್ಟಿ ತಿನ್ನಾಕ ಬರಬೇಕು’ ಅಂತಿದ್ದಾರೆ. ಇವರಲ್ಲಿ ಯಾರ ಮಾತು ಕೇಳಬೇಕು?
– ಓದುಗರೊಬ್ಬರು, ಗದಗ

ಉತ್ತರ: ಈ ನಾಲ್ಕೂ ಸಲಹೆಗಳಲ್ಲಿ ನನಗೆ ಹಿಡಿಸಿದ್ದು ನಿಮ್ಮ ಅತ್ತೆಯವರ ಮಾತು. ಉಳಿದವರು ಏನು ಮಾಡಬೇಕೆಂದು ಹೇಳಿದ್ದಾರೆ. ಯಾತಕ್ಕಾಗಿ ಮಾಡಬೇಕೆಂದು ಹೇಳಿದವರು ಅವರೊಬ್ಬರೇ. ರೊಟ್ಟಿ ತಿನ್ನಬೇಕು, ಅಷ್ಟೇ. ಮೂವತ್ತು ವರ್ಷ ಕ್ಲಿನಿಕ್ಕಿನಲ್ಲಿ ಕೂತಿದ್ದೇನೆ, ಇಷ್ಟು ಖಚಿತವಾಗಿ ತಮಗೇನು ಬೇಕೆಂದು ಹೇಳಿದವರು ಕಡಿಮೆ. ಪೇಚಿನ ಸಂಗತಿಯೆಂದರೆ, ರೊಟ್ಟಿಗೆ ಎಲ್ಲಕ್ಕಿಂತ ದೂರದ ದಾರಿಯನ್ನೇ ಅವರು ಆರಿಸಿಕೊಂಡಿದ್ದಾರೆ. ಮೊದಲು ಅದನ್ನೇ ಮುಗಿಸೋಣ.

ಸ್ವಂತ ಹಲ್ಲು ದವಡೆಯ ಎಲುಬಿಗೆ ಅಂಟಿಕೊಂಡಿರುವುದಿಲ್ಲ. ಬೇರಿಗೂ ಎಲುಬಿಗೂ ನಡುವೆ ಒಂದು ಮಿಲಿಮೀಟರಿನ ಕಾಲು ಭಾಗಕ್ಕೂ ಕಡಿಮೆ ಜಾಗವಿದೆ. ಆ ಜಾಗದ ತುಂಬ ನಾರುಗಳು. ಅವು ಹಲ್ಲನ್ನು ತೊಟ್ಟಿಲಿನಂತೆ ತೂಗಿ ಹಿಡಿದಿರುತ್ತವೆ. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕಿದರೂ ನೀವು ಯೋಚಿಸುವ ಮೊದಲೇ ಬಾಯಿ ನಿಂತುಬಿಡುತ್ತದಲ್ಲ, ಅದು ಈ ನಾರುಗಳ ನಡುವಿನ ನರಗಳ ಕೆಲಸ. ಹಲ್ಲಿನ ಸೆಟ್ಟಿಗೆ ಬೇರೂ ಇಲ್ಲ, ನಾರೂ ಇಲ್ಲ. ಮೆತ್ತನೆಯ ಒಸಡಿನ ಮೇಲೆ ಕೂತಿರುತ್ತದೆ. ಮೇಲಿನ ಸೆಟ್ಟು ಅಂಗುಳಕ್ಕೆ ಹೀರಿಕೊಂಡು ನಿಲ್ಲುತ್ತದೆ. ಕೆಳಗಿನದಕ್ಕೆ ಆ ಅನುಕೂಲವೂ ಇಲ್ಲ, ಲಾಳದ ಆಕಾರದ ಸಣ್ಣ ದಿಬ್ಬದ ಮೇಲೆ ನಿಂತು, ಒಳಗಿನಿಂದ ನಾಲಿಗೆ, ಹೊರಗಿನಿಂದ ಕೆನ್ನೆ ತಳ್ಳುವುದನ್ನು ತಡೆದುಕೊಳ್ಳಬೇಕು. ಪೂರ್ತಿ ಸೆಟ್ಟಿನಲ್ಲಿ ಕಚ್ಚುವ ಶಕ್ತಿ ಸ್ವಂತ ಹಲ್ಲಿನ ಕಾಲು ಭಾಗ ಸಿಕ್ಕರೆ ಹೆಚ್ಚು. ಮುದ್ದೆಯ ಸೀಮೆಯವರಿಗಾದರೆ ನಡೆದೀತು, ಮುದ್ದೆಯನ್ನು ಹೇಗೂ ಅಗಿಯುವುದಿಲ್ಲ, ನುಂಗುತ್ತೇವೆ. ಕಟಕಟ ಎನ್ನುವ ಜೋಳದ ರೊಟ್ಟಿಗೆ ಅದು ಸಾಲದು. ಆದ್ದರಿಂದ ಗಟ್ಟಿಯಾಗಿರುವ ಹಲ್ಲುಗಳನ್ನು ಕೀಳಿಸುವ ಮಾತನ್ನು ದಯವಿಟ್ಟು ಅವರು ಕೈಬಿಡಲಿ.

ಇನ್ನು ಇಬ್ಬರು ಡಾಕ್ಟರುಗಳ ವಿಷಯ. ಒಬ್ಬರು ಉಳಿಸೋಣ ಎಂದರು, ಇನ್ನೊಬ್ಬರು ಕೀಳೋಣ ಎಂದರು, ಹಾಗಾದರೆ ಒಬ್ಬರು ದುಡ್ಡಿಗಾಗಿ ಹೇಳುತ್ತಿರಬೇಕು ಎಂಬ ಅನುಮಾನ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಇರಲೂಬಹುದು, ನಮ್ಮ ಕಸುಬಿನಲ್ಲಿ ಅಂಥವರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಬಹಳ ಸಲ ಭಿನ್ನಾಭಿಪ್ರಾಯ ಹುಟ್ಟುವುದು ಬೇರೆ ಕಾರಣಕ್ಕೆ. ನಾವು ಹೋದ ಭಾಗಕ್ಕೆ ಏನು ಹಾಕಬೇಕೆಂದು ಕೇಳುತ್ತೇವೆ. ಡಾಕ್ಟರು ನೋಡಬೇಕಾದದ್ದು ಏನು ಉಳಿದಿದೆ ಎಂಬುದನ್ನು. ಹಲ್ಲು ಎಷ್ಟು ಉಳಿದಿದೆ, ಅಕ್ಕಪಕ್ಕದವು ಹೇಗಿವೆ, ಎಲುಬು ಎಷ್ಟಿದೆ. ಅದರ ಲೆಕ್ಕದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಒಂದೆರಡು ಮಿಲಿಮೀಟರ್ ವ್ಯತ್ಯಾಸವಾದರೆ ಸಲಹೆ ಪೂರ್ತಿ ತಿರುಗಿಬಿಡುತ್ತದೆ.

ಮುರಿದ ಹಲ್ಲನ್ನೇ ತೆಗೆದುಕೊಳ್ಳಿ. ಹಲ್ಲಿನ ಹೊರಚಿಪ್ಪು ಎನಾಮಲ್, ನಮ್ಮ ಇಡೀ ದೇಹದಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ಅದರ ತೂಕದಲ್ಲಿ ನೂರಕ್ಕೆ ತೊಂಬತ್ತಾರು ಭಾಗ ಖನಿಜವೇ. ಅದರ ಕೆಳಗೆ ಹಳದಿ ಬಣ್ಣದ ಡೆಂಟಿನ್, ಅದರೊಳಗೆ ತಿರುಳು. ರಕ್ತನಾಳ, ನರ ಎಲ್ಲ ಇರುವುದು ಈ ತಿರುಳಿನಲ್ಲಿ. ಜನ ‘ಹಲ್ಲಿನ ನರ’ ಎನ್ನುವುದು ಇದನ್ನೇ. ಬಾಯಲ್ಲಿರುವ ಬ್ಯಾಕ್ಟೀರಿಯಾ ನಾವು ತಿಂದ ಸಕ್ಕರೆ, ಪಿಷ್ಟವನ್ನು ಹುಳಿ ಮಾಡುತ್ತವೆ. ಆ ಹುಳಿಯಿಂದ ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಜೊಲ್ಲು ಮತ್ತೆ ಅದನ್ನು ಸರಿಪಡಿಸುತ್ತಲೂ ಇರುತ್ತದೆ. ದಿನಕ್ಕೆ ಎಂಟು ಸಲ ಸಕ್ಕರೆ ಹಾಕಿದ ಚಹಾ ಕುಡಿಯುವವರ ಜೊಲ್ಲಿಗೆ ಆ ಪುರಸೊತ್ತು ಸಿಗುವುದಿಲ್ಲ.

ಇಲ್ಲಿ ಒಂದು ಅಡ್ಡಮಾತು. ‘ಹುಳುಕು ಹಲ್ಲು’ ಎನ್ನುತ್ತೇವೆ, ಆ ಶಬ್ದದೊಳಗೇ ಹುಳು ಕೂತಿದೆ. ನೆಲಗುಳ್ಳದ ಬೀಜವನ್ನು ಕೆಂಡಕ್ಕೆ ಹಾಕಿ, ಅದರ ಹೊಗೆಯನ್ನು ಬಾಯಿಗೆ ಹಿಡಿಸಿ, ‘ನೋಡ್ರಿ, ಹುಳ ಬಿತ್ತು’ ಎಂದು ತೋರಿಸುವವರನ್ನು ಸಂತೆಗಳಲ್ಲಿ ನಿಮ್ಮ ಅತ್ತೆಯವರು ನೋಡಿರಬಹುದು. ಹಾಗೆ ಉದುರುವುದು ಬಿಸಿಗೆ ಬಿರಿದ ಬೀಜದೊಳಗಿನ ಎಳೆ. ಇದು ನಮ್ಮ ಹಳ್ಳಿಯವರ ಮೌಢ್ಯ ಮಾತ್ರ ಎಂದುಕೊಳ್ಳಬೇಡಿ. ಪ್ರಪಂಚದ ಮೂಲೆಮೂಲೆಯಲ್ಲೂ ಹಲ್ಲಿನ ಹುಳುವನ್ನು ಸಾವಿರಾರು ವರ್ಷ ನಂಬಿದ್ದರು. ಫ್ರಾನ್ಸಿನ ಪಿಯೆರ್ ಫೋಷಾರ್ 1728ರಲ್ಲಿ ದಂತವೈದ್ಯದ ದೊಡ್ಡ ಗ್ರಂಥ ಬರೆದಾಗ, ಸೂಕ್ಷ್ಮದರ್ಶಕದಲ್ಲಿ ನೋಡಿದರೂ ತನಗೆ ಹುಳು ಸಿಗಲಿಲ್ಲ ಎಂದು ಹೇಳಬೇಕಾಯಿತು. ಬ್ಯಾಕ್ಟೀರಿಯಾದ ಹುಳಿಯೇ ಕಾರಣವೆಂದು ಬರ್ಲಿನ್ನಿನಲ್ಲಿದ್ದ ಅಮೆರಿಕದ ದಂತವೈದ್ಯ ಮಿಲ್ಲರ್ ತೋರಿಸಿಕೊಟ್ಟದ್ದು 1890ರ ಹೊತ್ತಿಗೆ.

ಹುಳುಕು ಎನಾಮಲ್ ದಾಟಿ ಡೆಂಟಿನ್ನಿಗೆ ಬಂದರೆ ತಣ್ಣೀರು, ಸಿಹಿ ತಾಗಿದಾಗ ಹಲ್ಲು ಜುಂ ಎನ್ನುತ್ತದೆ, ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತದೆ. ಈ ಹಂತದಲ್ಲಿ ಬಂದರೆ ಕೆಲಸ ಸುಲಭ. ಕೊಳೆತದ್ದನ್ನು ಕೆರೆದು ತೆಗೆದು, ಗುಂಡಿ ತುಂಬಿಸಿ, ಅರ್ಧ ಗಂಟೆಯಲ್ಲಿ ಮನೆಗೆ ಹೋಗಬಹುದು. ಜನ ಇದನ್ನು ‘ಸಿಮೆಂಟ್ ಹಾಕಿಸಿಕೊಳ್ಳುವುದು’ ಎನ್ನುತ್ತಾರೆ. ಈಗ ಹೆಚ್ಚಾಗಿ ತುಂಬುವುದು ಹಲ್ಲಿನ ಬಣ್ಣದ ಕಾಂಪೋಸಿಟ್. ನೀಲಿ ಬೆಳಕು ಹಿಡಿದು ಗಟ್ಟಿ ಮಾಡುವುದು ಅದನ್ನೇ. ಹಳೆಯ ‘ಬೆಳ್ಳಿ’ ಫಿಲ್ಲಿಂಗಿನಲ್ಲಿ ಬೆಳ್ಳಿ, ತವರ, ತಾಮ್ರದ ಜೊತೆ ಹೆಚ್ಚುಕಡಿಮೆ ಅರ್ಧದಷ್ಟು ಪಾದರಸ ಇರುತ್ತದೆ. ಪರಿಸರದ ಕಾರಣಕ್ಕೆ ಐರೋಪ್ಯ ಒಕ್ಕೂಟ 2025ರಿಂದ ಅದನ್ನು ಬಹುಮಟ್ಟಿಗೆ ನಿಲ್ಲಿಸಿದೆ. ಹಾಗೆಂದು ಬಾಯಲ್ಲಿ ಇಪ್ಪತ್ತು ವರ್ಷದಿಂದ ಗಟ್ಟಿಯಾಗಿ ಕೂತ ಬೆಳ್ಳಿಯನ್ನು ಹೆದರಿ ಕೀಳಿಸಬೇಡಿ. ಕೊರೆದು ತೆಗೆಯುವಾಗಲೇ ಅದರ ಪಾದರಸ ಹೆಚ್ಚು ಹೊರಬರುವುದು.

ನಿಮ್ಮ ಅತ್ತೆಯವರದು ಈ ಹಂತ ದಾಟಿದೆ. ರಾತ್ರಿಯ ನೋವೇ ಅದನ್ನು ಹೇಳುತ್ತದೆ. ಕೈಗೆ ಗಾಯವಾದರೆ ಊದಲು ಜಾಗವಿದೆ. ತಿರುಳಿನ ಸುತ್ತ ಕಲ್ಲಿನಂಥ ಗೋಡೆ. ಊತ ಎಲ್ಲಿಗೂ ಹೋಗುವಂತಿಲ್ಲ, ಒಳಗೇ ಒತ್ತಡ ಏರುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದೊತ್ತಡ ಹೆಚ್ಚಿ ನೋವು ಇನ್ನಷ್ಟು ಮಿಡಿಯುತ್ತದೆ. ಬಿಸಿ ಚಹಾ ತಾಗಿದರೆ ನೋವೆದ್ದು ನಿಮಿಷಗಟ್ಟಲೆ ನಿಲ್ಲುತ್ತದೆಯೇ ಎಂದು ಅವರನ್ನು ಕೇಳಿ. ಹೌದೆಂದರೆ ಆ ತಿರುಳು ಚೇತರಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ. ಇದ್ದಕ್ಕಿದ್ದಂತೆ ಒಂದು ದಿನ ನೋವು ನಿಂತುಹೋದರೆ ‘ವಾಸಿಯಾಯಿತು’ ಎಂದು ಸಂತೋಷಪಡಬೇಡಿ. ತಿರುಳು ಸತ್ತಿದೆ ಎಂದರ್ಥ. ಸೋಂಕು ಬೇರಿನ ತುದಿ ದಾಟಿ ಎಲುಬಿಗೆ ಹೋಗುತ್ತಿರುತ್ತದೆ. ಮೆಡಿಕಲ್ ಶಾಪಿನಿಂದ ತಂದ ಆ್ಯಂಟಿಬಯಾಟಿಕ್ ಇದನ್ನು ಗುಣಪಡಿಸುವುದಿಲ್ಲ. ರಕ್ತ ಹರಿಯದ ಸತ್ತ ತಿರುಳಿನೊಳಕ್ಕೆ ಔಷಧಿ ತಲುಪುವುದಾದರೂ ಹೇಗೆ? ಕೆನ್ನೆ, ಗದ್ದದ ಕೆಳಗೆ ಊದಿಕೊಂಡು ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಮಾತ್ರ ಅಪಾಯಿಂಟ್‌ಮೆಂಟ್ ಕಾಯದೆ ಅದೇ ಗಳಿಗೆ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.

ಅಲ್ಲಿಯವರೆಗೆ ಲವಂಗದ ಎಣ್ಣೆ ತಾಗಿಸಬಹುದೇ ಎಂದು ಕೇಳುವವರಿದ್ದಾರೆ. ಹತ್ತಿಯಲ್ಲಿ ಒಂದು ಹನಿ, ಹಲ್ಲಿನ ಗುಂಡಿಗೆ ಮಾತ್ರ, ಒಸಡಿಗಲ್ಲ. ಲವಂಗದ ಸಾರವಾದ ಯೂಜೆನಾಲನ್ನು ಜಿಂಕ್ ಆಕ್ಸೈಡ್ ಪುಡಿಗೆ ಕಲಸಿ ನಾವೂ ತಾತ್ಕಾಲಿಕ ಫಿಲ್ಲಿಂಗ್ ಮಾಡುತ್ತೇವೆ. ಹಲ್ಲಿನ ಕ್ಲಿನಿಕ್ಕಿನ ಆ ವಿಶಿಷ್ಟ ವಾಸನೆ ಅದರದೇ. ಹೊಗೆಸೊಪ್ಪು ತುರುಕುವುದು, ಆಸ್ಪಿರಿನ್ ಗುಳಿಗೆಯನ್ನು ಒಸಡಿಗೆ ಒತ್ತಿ ಇಡುವುದು ಬೇಡ. ಆಸ್ಪಿರಿನ್ ಇಟ್ಟ ಜಾಗದಲ್ಲಿ ಒಸಡು ಸುಟ್ಟು ಬಿಳಿಚಿಕೊಂಡು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಈಗ ರೂಟ್ ಕೆನಾಲ್. ಹೆಸರು ಕೇಳಿದರೇ ಜನ ಬೆವರುತ್ತಾರೆ. ಆದರೆ ನೋವು ಕೊಡುವುದು ಕೊಳೆತ ತಿರುಳು, ಚಿಕಿತ್ಸೆಯಲ್ಲ. ಜೋಮು ಹಿಡಿಯುವ ಇಂಜೆಕ್ಷನ್ ಕೊಟ್ಟು, ಹಲ್ಲಿನ ತಲೆಯಲ್ಲಿ ರಂಧ್ರ ಕೊರೆದು, ತಿರುಳು ತೆಗೆದು, ಬೇರಿನೊಳಗಿನ ನಾಲೆಗಳನ್ನು ತೊಳೆಯುವುದು, ಆಮೇಲೆ ತುಂಬಿ ಮುಚ್ಚುವುದು. ಕೆಳದವಡೆಯ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ನಾಲೆ, ಕೆಲವರಲ್ಲಿ ನಾಲ್ಕು. ಒಂದು ನಾಲೆ ಕಣ್ತಪ್ಪಿದರೂ ಸೋಂಕು ಅಲ್ಲಿ ಉಳಿಯುತ್ತದೆ. ‘ರೂಟ್ ಕೆನಾಲ್ ಮಾಡಿಸಿದ್ದೆ, ಮತ್ತೆ ನೋವು ಬಂತು’ ಎನ್ನುವ ಕಥೆಗಳಲ್ಲಿ ಬಹಳಷ್ಟಕ್ಕೆ ಇದೇ ಮೂಲ. ಕೂದಲಿನಂಥ ಲೋಹದ ಅರಗಳಿಂದ ನಾಲೆಯನ್ನು ಉಜ್ಜಿ, ಬಟ್ಟೆ ಬಿಳುಪು ಮಾಡುವ ಬ್ಲೀಚಿನಲ್ಲಿರುವ ಸೋಡಿಯಂ ಹೈಪೋಕ್ಲೋರೈಟನ್ನೇ ತೆಳು ಮಾಡಿ ತೊಳೆಯುತ್ತಾರೆ. ಆಗ ಬಾಯಿಗೆ ಒಂದಿಷ್ಟು ಈಜುಕೊಳದ ವಾಸನೆ ಬಂದರೆ ಗಾಬರಿ ಬೇಡ.

ತೊಳೆದ ನಾಲೆಗೆ ತುಂಬುವ ವಸ್ತುವಿನ ಕಥೆ ನನಗೆ ಬಹಳ ಇಷ್ಟ. ಅದರ ಹೆಸರು ಗಟ್ಟಾಪರ್ಚಾ. ಮಲಯ ದೇಶದ ಕಾಡಿನ ಒಂದು ಮರದ ಹಾಲು. ಅರೆಬಲಿತ ಸಪೋಟ ಕಿತ್ತಾಗ ತೊಟ್ಟಿನಿಂದ ಬಿಳಿ ಅಂಟು ಬರುತ್ತದಲ್ಲ, ಆ ಸಪೋಟದ ಕುಟುಂಬಕ್ಕೇ ಸೇರಿದ ಮರ ಅದು. ನಮ್ಮ ಪಶ್ಚಿಮ ಘಟ್ಟದಲ್ಲೂ ಅದರ ಹತ್ತಿರದ ನೆಂಟ ಮರವಿದೆ. ಬಿಸಿಗೆ ಮೆತ್ತಗಾಗುತ್ತದೆ, ಆರಿದರೆ ಗಟ್ಟಿ, ನೀರು ಒಳಗೆ ಬಿಡುವುದಿಲ್ಲ, ದೇಹಕ್ಕೆ ಒಗ್ಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಸಮುದ್ರದ ತಳದಲ್ಲಿ ಟೆಲಿಗ್ರಾಫ್ ತಂತಿ ಎಳೆದಾಗ ಉಪ್ಪುನೀರು ತಾಗದಂತೆ ಹೊದಿಸಿದ್ದು ಇದನ್ನೇ. ಆ ತಂತಿಗಳು ಹೋದವು, ಹೊದಿಕೆಗೆ ಪ್ಲಾಸ್ಟಿಕ್ ಬಂತು. ಹಲ್ಲಿನ ಬೇರಿನಲ್ಲಿ ಮಾತ್ರ ಗಟ್ಟಾಪರ್ಚಾ ಇಂದಿಗೂ ತನ್ನ ಜಾಗ ಬಿಟ್ಟುಕೊಟ್ಟಿಲ್ಲ.

ನೋವು ಹೋದ ಮೇಲೆ ಬಹಳ ಜನ ಮಾಡುವ ತಪ್ಪೊಂದಿದೆ: ಕ್ಯಾಪಿಗೆ ಬರುವುದೇ ಇಲ್ಲ. ‘ಆರಾಮ ಐತ್ರಿ, ದೀಪಾವಳಿ ಆದಮ್ಯಾಲ ಬರ್ತೀನಿ’ ಎಂದು ಹೋದವರು ಬರುವುದು ಹಲ್ಲು ಎರಡು ಹೋಳಾದ ಮೇಲೆ. ಹುಳುಕು ತಿಂದು, ನಾವು ಕೊರೆದು, ಒಳಗೆ ಪೊಳ್ಳಾದ ದವಡೆ ಹಲ್ಲಿನ ಗೋಡೆಗಳು ತೆಳ್ಳಗಿರುತ್ತವೆ. ಅಗಿಯುವ ಒತ್ತಡ ಸೌದೆಗೆ ಹೊಡೆದ ಬೆಣೆಯಂತೆ ಅವನ್ನು ಸೀಳುತ್ತದೆ. ಸೀಳು ಬೇರಿನವರೆಗೆ ಇಳಿದರೆ ಮುಗಿಯಿತು, ಮಾಡಿದ ರೂಟ್ ಕೆನಾಲ್, ಕೊಟ್ಟ ದುಡ್ಡು ಎರಡೂ ಹಲ್ಲಿನ ಜೊತೆಗೇ ಹೋಗುತ್ತವೆ. ಕ್ಯಾಪ್ ಅಂದ ಚೆಂದಕ್ಕಲ್ಲ, ಪೀಪಾಯಿಗೆ ಹೊಡೆದ ಕಬ್ಬಿಣದ ಪಟ್ಟಿಯ ಹಾಗೆ ಗೋಡೆಗಳನ್ನು ಒಟ್ಟಿಗೆ ಹಿಡಿಯುವುದಕ್ಕೆ. ಲೋಹದ್ದೋ, ಲೋಹದ ಮೇಲೆ ಪಿಂಗಾಣಿಯದ್ದೋ, ಬಿಳಿ ಜಿರ್ಕೋನಿಯಾದ್ದೋ ಎಂಬುದು ನಂತರದ ಮಾತು. ಹಿಂದಿನ ಹಲ್ಲಿಗೆ ಸಾದಾ ಲೋಹದ ಕ್ಯಾಪೂ ಬಹಳ ವರ್ಷ ಬಾಳುತ್ತದೆ. ಹೊರನೋಟಕ್ಕೆ ಕಾಣದ ಜಾಗದಲ್ಲಿ ಚೆಂದಕ್ಕೆಂದು ಎರಡು ಪಟ್ಟು ಕೊಡಬೇಕಾದ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ, ಈ ಮಾತಿಗೆ ನನ್ನ ಸಹೋದ್ಯೋಗಿಗಳು ಮುನಿಸಿಕೊಂಡರೂ ಸರಿ.

ಊರಿನ ಡಾಕ್ಟರಿಗೂ ಹುಬ್ಬಳ್ಳಿಯ ಡಾಕ್ಟರಿಗೂ ಭೇದ ಹುಟ್ಟಿದ್ದು ಇಲ್ಲೇ ಇರಬೇಕು. ಕ್ಯಾಪ್ ನಿಲ್ಲಬೇಕಾದರೆ ಒಸಡಿನ ಮೇಲೆ ಸುತ್ತಲೂ ಒಂದೂವರೆಯಿಂದ ಎರಡು ಮಿಲಿಮೀಟರಿನಷ್ಟು ಗಟ್ಟಿ ಹಲ್ಲು ಇರಬೇಕು, ಕ್ಯಾಪಿನ ಅಂಚು ಅದನ್ನು ಬಳೆಯಂತೆ ತಬ್ಬಬೇಕು. ಅಷ್ಟು ಹಲ್ಲು ಇದ್ದರೆ ಊರಿನವರ ಮಾತು ಸರಿ. ಒಂದು ಕಡೆ ಒಸಡಿನ ಕೆಳಗೇ ಮುರಿದಿದ್ದರೆ, ಬೇರು ಸೀಳಿದ್ದರೆ, ಅಥವಾ ಎಲುಬು ಕರಗಿ ಹಲ್ಲು ಅಲ್ಲಾಡುತ್ತಿದ್ದರೆ ಹುಬ್ಬಳ್ಳಿಯವರ ಮಾತು ಸರಿ. ಅವರಿಬ್ಬರಿಗೂ ಒಂದೇ ಪ್ರಶ್ನೆ ಕೇಳಿ: ‘ಸರ್, ಒಸಡಿನ ಮೇಲೆ ಹಲ್ಲು ಎಷ್ಟು ಉಳಿದಿದೆ, ಎಕ್ಸ್‌ರೇಯಲ್ಲಿ ತೋರಿಸಿ.’ ತೋರಿಸಿ ವಿವರಿಸಿದವರ ಹತ್ತಿರ ಮಾಡಿಸಿಕೊಳ್ಳಿ. ನನ್ನ ಒಲವು ಕೇಳಿದರೆ, ಉಳಿಸಬಹುದಾದ ಹಲ್ಲನ್ನು ಉಳಿಸಬೇಕು. ಮೇಲೆ ಹೇಳಿದ ಆ ನಾರಿನ ತೊಟ್ಟಿಲನ್ನು ಯಾವ ಇಂಪ್ಲಾಂಟೂ ಕೊಡಲಾರದು.

ಬಲಗಡೆ ಇಷ್ಟಾಯಿತು. ಎಡಗಡೆಯ ಖಾಲಿ ಜಾಗ ಬೇರೆಯೇ ಲೆಕ್ಕ.

ಹಲ್ಲು ಕಿತ್ತ ಜಾಗ ಸುಮ್ಮನೆ ಇರುವುದಿಲ್ಲ. ಬೇರು ಹೋದ ಮೇಲೆ ಅದಕ್ಕೆಂದೇ ಇದ್ದ ಎಲುಬಿಗೆ ಕೆಲಸವಿಲ್ಲ, ಕರಗತೊಡಗುತ್ತದೆ. ಮೊದಲ ವರ್ಷದಲ್ಲೇ ಅಗಲದಲ್ಲಿ ಅರ್ಧದಷ್ಟು ಹೋಗುವುದುಂಟು. ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಎದುರಿನ ಮೇಲಿನ ಹಲ್ಲು ತಡೆಯಿಲ್ಲದೆ ಕೆಳಕ್ಕೆ ಇಳಿಯುತ್ತದೆ. ಹತ್ತು ವರ್ಷವಾಗಿದೆ ಎಂದಿರಿ. ಅಲ್ಲಿ ಇದೆಲ್ಲ ಒಂದಿಷ್ಟಾದರೂ ಆಗಿರುತ್ತದೆ. ಕೀಳಿಸುವುದು ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ ಎಂಬ ಲೆಕ್ಕದಲ್ಲಿ ಈ ಆಮೇಲಿನ ಖರ್ಚನ್ನು ಯಾರೂ ಸೇರಿಸುವುದಿಲ್ಲ.

ನಿಮ್ಮ ನೆರೆಮನೆಯವರ ಬ್ರಿಡ್ಜ್ ಹೆಸರೇ ಹೇಳುವಂತೆ ಸೇತುವೆ. ಆಚೀಚೆ ಎರಡು ಕಂಬ, ನಡುವೆ ತೂಗುವ ಒಂದು ಹುಸಿ ಹಲ್ಲು, ಮೂರೂ ಒಂದೇ ತುಂಡು. ಕಂಬಗಳಾಗಬೇಕಾದ ಎರಡು ಹಲ್ಲುಗಳನ್ನು ಸುತ್ತಲೂ ಸವೆಸಿ ಸಣ್ಣದು ಮಾಡುತ್ತಾರೆ. ಅಷ್ಟು ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಆ ಎರಡು ಹಲ್ಲುಗಳಿಗೆ ಮೊದಲೇ ದೊಡ್ಡ ಫಿಲ್ಲಿಂಗ್ ಆಗಿದ್ದರೆ, ಕ್ಯಾಪ್ ಹೇಗೂ ಬೇಕಿದ್ದರೆ, ಬ್ರಿಡ್ಜ್ ಜಾಣತನದ ಕೆಲಸ. ಒಂದೆರಡು ವಾರದಲ್ಲಿ ಮುಗಿಯುತ್ತದೆ, ಆಪರೇಷನ್ ಇಲ್ಲ. ಕಲೆಯಿಲ್ಲದ ಎರಡು ಗಟ್ಟಿ ಹಲ್ಲುಗಳನ್ನು ಹೋದ ಒಂದಕ್ಕಾಗಿ ಸವೆಸುವುದು ನನಗೆ ಯಾವಾಗಲೂ ಸಂಕಟದ ಕೆಲಸವಾಗಿತ್ತು. ಸೇತುವೆಯ ಕೆಳಗೆ ಅನ್ನದ ಅಗುಳು ಸೇರಿ ಕಂಬವೇ ಹುಳುಕಾದರೆ ಒಟ್ಟಿಗೆ ಮೂರೂ ಹೋಗುತ್ತವೆ. ಆದ್ದರಿಂದ ಬ್ರಿಡ್ಜ್ ಮಾಡಿಸಿದವರು ಅದರ ಅಡಿಯಲ್ಲಿ ದಾರವೋ ಸಣ್ಣ ಬ್ರಷ್ಷೋ ಹಾಕಿ ದಿನಾ ಸ್ವಚ್ಛ ಮಾಡಬೇಕು. ನೆರೆಮನೆಯವರಿಗೂ ಹೇಳಿ.

ಇಂಪ್ಲಾಂಟ್ ಹುಟ್ಟಿದ್ದು ಹಲ್ಲಿಗಾಗಿಯೇ ಅಲ್ಲ. 1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೊನೆಮಾರ್ಕ್ ಎಂಬ ಸಂಶೋಧಕ ಮೊಲದ ಕಾಲಿನ ಎಲುಬಿನೊಳಗೆ ರಕ್ತ ಹೇಗೆ ಹರಿಯುತ್ತದೆಂದು ನೋಡಲು ಟೈಟಾನಿಯಂ ಲೋಹದ ಪುಟ್ಟ ಗೂಡೊಂದನ್ನು ಕೂರಿಸಿದ್ದ. ಅಧ್ಯಯನ ಮುಗಿದ ಮೇಲೆ ತೆಗೆದು ಇನ್ನೊಂದು ಮೊಲಕ್ಕೆ ಬಳಸೋಣವೆಂದರೆ ಅದು ಬರಲೇ ಇಲ್ಲ. ಎಲುಬು ಆ ಲೋಹವನ್ನು ತನ್ನದೆಂದು ಅಪ್ಪಿಕೊಂಡು ಬೆಳೆದಿತ್ತು. ಇನ್ನೊಬ್ಬನಾದರೆ ದುಬಾರಿ ಸಾಮಾನು ಹಾಳಾಯಿತೆಂದು ಗೊಣಗಿ ಬಿಡುತ್ತಿದ್ದ. ಈತ ಅದನ್ನೇ ಹಿಡಿದು ಹೊರಟ. 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಗೆ ಟೈಟಾನಿಯಂ ಬೇರುಗಳನ್ನು ಕೂರಿಸಿದ. ಆ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ ಅವೇ ಬೇರುಗಳ ಮೇಲಿನ ಹಲ್ಲಿನಲ್ಲಿ ಊಟ ಮಾಡಿದ. ಬ್ರೊನೆಮಾರ್ಕ್ ದಂತವೈದ್ಯನಲ್ಲ. ಹಾಗಾಗಿಯೋ ಏನೋ ದಂತವೈದ್ಯರು ಬಹುಕಾಲ ಅವನನ್ನು ನಂಬಲಿಲ್ಲ. 1982ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ ಸಮ್ಮೇಳನದ ನಂತರವೇ ಪ್ರಪಂಚ ಒಪ್ಪಿದ್ದು.

ಈಗ ಮಾಡುವುದೂ ಅದನ್ನೇ. ಎಲುಬಿಗೆ ಟೈಟಾನಿಯಂ ತಿರುಪು ಕೂರಿಸಿ, ಎಲುಬು ಅಪ್ಪಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬಿಟ್ಟು, ಅದರ ಮೇಲೆ ಹಲ್ಲು ಹಾಕುವುದು. ಅಕ್ಕಪಕ್ಕದ ಹಲ್ಲನ್ನು ಮುಟ್ಟಬೇಕಿಲ್ಲ, ರೊಟ್ಟಿಗೂ ಸೈ. ಹತ್ತು ವರ್ಷ ದಾಟಿ ಬಾಳುವವು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು. ಆದರೆ ನಿಮ್ಮ ಅತ್ತೆಯವರಲ್ಲಿ ಹತ್ತು ವರ್ಷದಿಂದ ಕರಗಿದ ಎಲುಬು ಎಷ್ಟು ಉಳಿದಿದೆ, ಕೆಳದವಡೆಯೊಳಗೆ ಸಾಗುವ ದೊಡ್ಡ ನರ ಎಷ್ಟು ಆಳದಲ್ಲಿದೆ ಎಂಬುದನ್ನು ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಮಾಡಿ ನೋಡದೆ ಯಾರೂ ‘ಹಾಕೋಣ’ ಎನ್ನಬಾರದು. ಆ ನರಕ್ಕೆ ಪೆಟ್ಟಾದರೆ ತುಟಿ, ಗದ್ದ ಜೋಮು ಹಿಡಿದೇ ಉಳಿಯಬಹುದು.

ನಿಮ್ಮ ಪತ್ರದಲ್ಲಿಲ್ಲದ, ಆದರೆ ನಾನು ಮೊದಲು ಕೇಳುತ್ತಿದ್ದ ಮೂರು ಸಂಗತಿಗಳಿವೆ. ಸಕ್ಕರೆ ಕಾಯಿಲೆ ಇದೆಯೇ? ಇದ್ದು ಹತೋಟಿಯಲ್ಲಿದ್ದರೆ ಅಡ್ಡಿಯಿಲ್ಲ, ಹತೋಟಿ ತಪ್ಪಿದ್ದರೆ ಗಾಯ ಮಾಯುವುದಿಲ್ಲ, ಇಂಪ್ಲಾಂಟ್ ಹಿಡಿಯುವುದಿಲ್ಲ. ತಂಬಾಕು ಇದೆಯೇ? ಗಂಡಸರನ್ನು ಮಾತ್ರ ಈ ಪ್ರಶ್ನೆ ಕೇಳುವ ಡಾಕ್ಟರುಗಳಿದ್ದಾರೆ. ಎಲೆಯಡಿಕೆಗೆ ತಂಬಾಕು ಸೇರಿಸುವ, ಹಲ್ಲಿಗೆ ಮಿಶ್ರಿ ತಿಕ್ಕುವ ಹಿರಿಯ ಹೆಣ್ಣುಮಕ್ಕಳು ನಮ್ಮಲ್ಲಿ ಕಡಿಮೆಯಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮೂಳೆ ಸವೆತಕ್ಕೆ ವಾರಕ್ಕೊಂದು ಗುಳಿಗೆ, ಇಲ್ಲವೇ ಆರು ತಿಂಗಳಿಗೋ ವರ್ಷಕ್ಕೋ ಒಂದು ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾರೆಯೇ? ಅಂಥ ಕೆಲವು ಔಷಧಿಗಳಲ್ಲಿದ್ದವರಿಗೆ ಹಲ್ಲು ಕಿತ್ತ ಮೇಲೆ ಅಪರೂಪಕ್ಕೆ ದವಡೆಯ ಎಲುಬೇ ಮಾಯದೆ ಸಾಯುತ್ತದೆ. ಬಲಗಡೆಯ ಹಲ್ಲನ್ನು ಕೀಳುವ ಮೊದಲೇ ಇದು ಡಾಕ್ಟರಿಗೆ ಗೊತ್ತಿರಬೇಕು. ರಕ್ತ ತೆಳುವಾಗಿಸುವ ಗುಳಿಗೆ ಇದ್ದರೂ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಮಾತ್ರೆಗಳ ಚೀಟಿಯನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ.

ಇಷ್ಟೆಲ್ಲ ಹೇಳಿದ ಮೇಲೆ ಎಡಗಡೆಗೆ ಯಾರೂ ಹೇಳದ ಇನ್ನೊಂದು ಸಲಹೆ ಕೊಡುತ್ತೇನೆ: ಏನೂ ಮಾಡದಿರುವುದು. ಹತ್ತು ವರ್ಷ ಆ ಕಡೆ ಒಂದು ಹಲ್ಲಿಲ್ಲದೆ ರೊಟ್ಟಿ ತಿಂದಿದ್ದಾರೆ ತಾನೆ? ಬಾಯಲ್ಲಿ 32 ಹಲ್ಲೂ ಇರಲೇಬೇಕೆಂಬ ನಿಯಮವಿಲ್ಲ. ಸರಿಯಾಗಿ ಹಂಚಿಕೊಂಡ ಇಪ್ಪತ್ತು ಹಲ್ಲು ಇದ್ದರೆ ಬಹುಪಾಲು ಜನರ ಊಟ ಸಾಗುತ್ತದೆ. ಜಪಾನ್ 1989ರಲ್ಲಿ ಆರಂಭಿಸಿದ ಆಂದೋಲನದ ಗುರಿಯೂ ಎಂಬತ್ತನೇ ವಯಸ್ಸಿನಲ್ಲಿ ಇಪ್ಪತ್ತು ಸ್ವಂತ ಹಲ್ಲು ಎಂಬುದೇ. ಅತ್ತೆಯವರ ಹಲ್ಲು ಒಮ್ಮೆ ಎಣಿಸಿ ನೋಡಿ. ಇಪ್ಪತ್ತು ದಾಟಿದ್ದರೆ, ಆ ಜಾಗ ಅವರಿಗೆ ತೊಂದರೆ ಕೊಡುತ್ತಿಲ್ಲವೆಂದರೆ, ಅಲ್ಲಿಗೆ ಖರ್ಚು ಮಾಡಬೇಕಾದ ಹಣವನ್ನು ಬಲಗಡೆಯ ಹಲ್ಲಿಗೆ, ಒಸಡಿನ ಸ್ವಚ್ಛತೆಗೆ ಬಳಸಿ.

ಎಣಿಸುವಾಗ ಹಲ್ಲುಗಳ ಮೇಲೆ ಕಂದು ಗೆರೆ, ಮಚ್ಚೆ ಕಂಡರೆ ಅದನ್ನೂ ಹುಳುಕೆಂದುಕೊಳ್ಳಬೇಡಿ. ನಿಮ್ಮ ಜಿಲ್ಲೆಯ ಮುಂಡರಗಿ ಕಡೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಬಾಲ್ಯದಲ್ಲಿ ಹಲ್ಲು ರೂಪುಗೊಳ್ಳುವಾಗ ಅದನ್ನು ಕುಡಿದವರಿಗೆ ಆ ಕಲೆ ಜೀವಮಾನವಿಡೀ ಉಳಿಯುತ್ತದೆ. ಅದು ನೋವಿನ ಕಾರಣವಲ್ಲ.

ಸೆಟ್ಟಿನ ಬಗ್ಗೆ ಆರಂಭದಲ್ಲಿ ಕಟುವಾಗಿ ಬರೆದೆ. ಇರುವ ಹಲ್ಲು ಕೀಳಿಸಿ ಹಾಕಿಸುವುದಕ್ಕೆ ಮಾತ್ರ ನನ್ನ ವಿರೋಧ. ಹಲ್ಲೇ ಇಲ್ಲದವರಿಗೆ ಅದು ಮಾತು, ಊಟ, ಮುಖದ ಕಳೆ ಮೂರನ್ನೂ ಮರಳಿ ಕೊಡುತ್ತದೆ. ಬಡ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ಸೆಟ್ ಕೊಡಲೆಂದೇ ರಾಜ್ಯ ಸರ್ಕಾರ ‘ದಂತ ಭಾಗ್ಯ’ ಎಂಬ ಯೋಜನೆ ತಂದಿತ್ತು. ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಬಹುದು. ದಂತ ಕಾಲೇಜುಗಳಲ್ಲೂ ರೂಟ್ ಕೆನಾಲ್, ಕ್ಯಾಪ್, ಸೆಟ್ ಎಲ್ಲ ಹೊರಗಿಗಿಂತ ಕಡಿಮೆ ಖರ್ಚಿನಲ್ಲಿ ಆಗುತ್ತವೆ. ವಿದ್ಯಾರ್ಥಿಗಳು ಮಾಡುತ್ತಾರೆ, ಪ್ರತಿ ಹೆಜ್ಜೆಗೂ ಮೇಷ್ಟರು ಬಂದು ನೋಡುತ್ತಾರೆ. ಒಂದು ಗಂಟೆಯ ಕೆಲಸಕ್ಕೆ ಒಂದು ಬೆಳಗು ಹೋಗುತ್ತದೆ ಎಂಬುದೊಂದೇ ತೊಂದರೆ. ಧಾರವಾಡ ನಿಮಗೆ ಹತ್ತಿರವೇ. ಹೊಸ ಸೆಟ್ ಹಾಕಿಸಿಕೊಂಡವರು ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು, ಕುದಿನೀರಿನಲ್ಲಲ್ಲ. ಕುದಿನೀರಿಗೆ ಅದು ಸೊಟ್ಟಗಾಗುತ್ತದೆ. ಒಸಡಿಗೂ ಒಂದಿಷ್ಟು ಉಸಿರಾಡಲು ಬಿಡಬೇಕು.

ಒಟ್ಟಿನಲ್ಲಿ ಈ ವಾರವೇ ಬಲಗಡೆಯ ಹಲ್ಲಿನ ಎಕ್ಸ್‌ರೇ ಆಗಲಿ. ಉಳಿಯುವಂತಿದ್ದರೆ ರೂಟ್ ಕೆನಾಲ್, ತಡಮಾಡದೆ ಕ್ಯಾಪ್. ನಡುವೆ ತಾತ್ಕಾಲಿಕ ಫಿಲ್ಲಿಂಗ್ ಇರುವಷ್ಟು ದಿನ ಆ ಕಡೆ ಗಟ್ಟಿಯಾದದ್ದನ್ನು ಕಡಿಯುವಂತಿಲ್ಲ. ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿ ಮೆತ್ತಗಿರುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಡಬ್ಬಿಯಲ್ಲಿಟ್ಟ ಖಡಕ್ ರೊಟ್ಟಿಯನ್ನೇ ಬೇಡಿದರೆ ಮುರಿದು ಹೆಸರುಕಾಳಿನ ಪಲ್ಯದ ರಸದಲ್ಲೋ ಮೊಸರಲ್ಲೋ ನೆನೆಸಿ ಕೊಡಿ. ಅದು ರೊಟ್ಟಿಯೇ ಅಲ್ಲ ಎಂದು ಅವರು ಗೊಣಗುತ್ತಾರೆ, ಗೊತ್ತು. ಕ್ಯಾಪ್ ಅಂಟಿಸಿದ ಮರುದಿನದಿಂದ ಕಟಕಟ ಎನ್ನಿಸಲಿ.